ಹಾಲಿನ ಡೈರಿ ಗೋಡೆಯ ಹಾಳೆ: ಮಲೆನಾಡಿನ ಶಾಲೆಯೊಂದರ ವಾರಪತ್ರದ ಪ್ರಕರಣ ಅಧ್ಯಯನ

ಮೂಡಿಗೆರೆ ತಾಲ್ಲೂಕಿನ ಘಟ್ಟದಂಚಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು, ಮನೆಗಳಿಗೆ ಸುದ್ದಿ ಮುಟ್ಟಿಸಲು ಅದು ವಾರಕ್ಕೊಂದರಂತೆ ಬರೆದು ಹಾಕಿದ ಹಾಳೆಯನ್ನು ಇಲ್ಲಿ ಎತ್ತಿಕೊಂಡಿದೆ. ಅದಕ್ಕೆ ಹೆಸರಿಟ್ಟಿಲ್ಲ. ಈ ಸೀಮೆಯ ಶಾಲೆಗಳಲ್ಲಿ ಕಾಣುವ ಸ್ಥಿತಿಯನ್ನು ಒಟ್ಟುಗೂಡಿಸಿ ಒಂದೇ ಶಾಲೆಯಾಗಿ ಬರೆದ ಮಾದರಿ ಪ್ರಕರಣ ಇದು. ಮನೆ, ಮಕ್ಕಳು, ಪ್ರತಿಗಳ ಲೆಕ್ಕವೂ ಆ ಮಾದರಿಯದೇ.

ಒಂದರಿಂದ ಏಳನೇ ತರಗತಿ, 62 ಮಕ್ಕಳು, 44 ಮನೆ. ಊರೊಳಗೆ 19 ಮನೆಗಳಿಂದ 25 ಮಕ್ಕಳು. ಹಳ್ಳದಾಚೆಯ ಕೇರಿಯ 14 ಮನೆಗಳಿಂದ 20. ಇವರು ಕಾಲುಸಂಕ ದಾಟಿ ಬರಬೇಕು. ಕಾಫಿ ತೋಟದ ಕೆಲಸಗಾರರ ಸಾಲುಮನೆಗಳು, ಅಂದರೆ ಲೈನ್ ಮನೆಗಳು 11, ಅಲ್ಲಿಂದ 17 ಮಕ್ಕಳು. ಇವರನ್ನು ತೋಟದ ಪಿಕಪ್ ಕರೆತಂದು ಕರೆದೊಯ್ಯುತ್ತದೆ. ಮುಖ್ಯಶಿಕ್ಷಕಿಯೂ ಸೇರಿ ಮೂವರು ಕಾಯಂ ಶಿಕ್ಷಕರು, ಪೇಟೆಯಿಂದ ಬಸ್ಸಿನಲ್ಲಿ ಬರುವ ಒಬ್ಬ ಅತಿಥಿ ಶಿಕ್ಷಕಿ, ಇಬ್ಬರು ಬಿಸಿಯೂಟದ ಅಡುಗೆಯವರು. ಸುದ್ದಿ ತಲುಪಿಸಲು ಶಾಲೆಗೆ ಇದ್ದ ದಾರಿ ಒಂದು ವಾಟ್ಸ್ಆ್ಯಪ್ ಗುಂಪು ಮತ್ತು ಮಕ್ಕಳ ಬಾಯಿ.

ಆ ಶನಿವಾರ

ಪುನರ್ವಸು, ಪುಷ್ಯ ಮಳೆಯ ಹೊತ್ತಿನಲ್ಲಿ ಈ ತಾಲ್ಲೂಕಿನ ಶಾಲೆಗಳಿಗೆ ರಜೆ ಘೋಷಣೆಯಾಗುವುದು ಹೊಸದಲ್ಲ. ಆ ವರ್ಷ ಐದು ದಿನ ಹೋಯಿತು. ಹೋದ ದಿನಗಳನ್ನು ಶನಿವಾರ ಪೂರ್ಣ ದಿನ ಶಾಲೆ ನಡೆಸಿ ತುಂಬಿಕೊಡಬೇಕು. ಮಾಮೂಲಿ ಶನಿವಾರ ಬೆಳಗಿನ ಶಾಲೆ. 8 ಗಂಟೆಗೆ ಶುರುವಾಗಿ 11:30ಕ್ಕೆ ಮುಗಿಯುತ್ತದೆ. ಪೂರ್ಣ ದಿನವಾದರೆ ಉಳಿದ ದಿನಗಳಂತೆ 10ಕ್ಕೆ ಶುರು, ಸಂಜೆ ನಾಲ್ಕು ದಾಟಿ ಬಿಡುವುದು. ಅಂದರೆ ಒಂದು ಶನಿವಾರಕ್ಕೆ ಹೆಚ್ಚುವರಿ ಸಿಗುವುದು ಅರ್ಧ ದಿನ ಮಾತ್ರ. ಐದು ದಿನದ ಸಾಲ ತೀರಲು ಹತ್ತು ಶನಿವಾರ ಬೇಕು. ಈ ಲೆಕ್ಕ ಶಿಕ್ಷಕರಿಗೆ ಗೊತ್ತಿತ್ತು, ಮನೆಗಳಿಗೆ ಗೊತ್ತಿರಲಿಲ್ಲ.

ಸ್ವಾತಂತ್ರ್ಯೋತ್ಸವದ ಸಂಜೆ ಗುಂಪಿನಲ್ಲಿ ಸೂಚನೆ ಹಾಕಿದರು: ಮುಂದಿನ ವಾರದಿಂದ ಶನಿವಾರ ಪೂರ್ಣ ದಿನ ಶಾಲೆ. ಅದರ ಬೆನ್ನಿಗೇ ಧ್ವಜಾರೋಹಣ, ಪ್ರಭಾತಫೇರಿ, ಸಿಹಿ ಹಂಚಿಕೆಯ 53 ಫೋಟೋ ಬಂದವು. ಶುಭಾಶಯ, ಕೈಮುಗಿದ ಚಿತ್ರ ಬೇರೆ. ಸೂಚನೆ ಅದರಡಿ ಹೂತುಹೋಯಿತು.

ಮುಂದಿನ ವಾರದ ಶನಿವಾರ ಬೆಳಿಗ್ಗೆ 8ಕ್ಕೆ 26 ಮಕ್ಕಳು ಬೀಗ ಹಾಕಿದ ಶಾಲೆಯ ಜಗಲಿಯಲ್ಲಿ ನಿಂತಿದ್ದರು. ಲೈನ್ ಮನೆಯ ಹದಿನೇಳೂ ಮಕ್ಕಳು, ಹಳ್ಳದಾಚೆಯ ಒಂಬತ್ತು ಮಂದಿ. ಸೋನೆ ಮಳೆ, ಗಾಳಿಗೆ ಎರಚಲು. ಮೊದಲ ಶಿಕ್ಷಕಿ ಬಂದಾಗ ಒಂಬತ್ತೂವರೆ. ಮಧ್ಯಾಹ್ನ 12ಕ್ಕೆ ಪಿಕಪ್ ಬಂತು. ಶನಿವಾರ ತೋಟದಲ್ಲಿ ಬಟವಾಡೆ, ಚಾಲಕನಿಗೆ ಬೇರೆ ಸುತ್ತುಗಳಿದ್ದವು. ಕಾಯಲಾಗದೆ ಹದಿನೇಳು ಮಕ್ಕಳನ್ನೂ ಊಟಕ್ಕೆ ಮೊದಲೇ ಹತ್ತಿಸಿಕೊಂಡು ಹೋದ. ಅಡುಗೆಯವರು 62 ಮಕ್ಕಳಿಗೆ ಅಕ್ಕಿ ಹಾಕಿಯಾಗಿತ್ತು. ಐದನೆಯವರೆಗಿನ ಮಗುವಿಗೆ 100 ಗ್ರಾಂ, ಆರು-ಏಳರ ಮಗುವಿಗೆ 150 ಗ್ರಾಂ ಅಕ್ಕಿಯ ಲೆಕ್ಕ. ಹೋದವರಲ್ಲಿ 11 ಚಿಕ್ಕವರು, 6 ದೊಡ್ಡವರು. ಎರಡು ಕಿಲೋ ಅಕ್ಕಿಯ ಅನ್ನ ಉಳಿಯಿತು. ಹದಿನೇಳು ಮಕ್ಕಳು ಹಸಿದು ಹೋದರು.

ತಪ್ಪಿದ್ದು ಎಲ್ಲಿ

ಮೊದಲು ಎಲ್ಲರೂ ದೂರಿದ್ದು ನೆಟ್‌ವರ್ಕನ್ನು. ಅದು ಕಾರಣದ ಒಂದು ಚೂರು ಮಾತ್ರ. ಮನೆ ಮನೆಯ ಪಟ್ಟಿ ಹಾಕಿ ನೋಡಿದಾಗ ಬೇರೆಯೇ ಕಂಡಿತು. ಗುಂಪಿನಲ್ಲಿ 58 ನಂಬರುಗಳಿದ್ದವು. ಆದರೆ ಅವು ಮುಟ್ಟುವುದು 33 ಮನೆಗಳನ್ನು. ಉಳಿದವು ಹಳೇ ವಿದ್ಯಾರ್ಥಿಗಳು, ಸಮಿತಿಯವರು, ವರ್ಗವಾಗಿ ಹೋದ ಶಿಕ್ಷಕರು. ಆ 33ರಲ್ಲಿ 21 ಮನೆಗಳ ಫೋನು ಅಪ್ಪನ ಜೇಬಿನದು. ಬೆಳಿಗ್ಗೆ ಏಳಕ್ಕೆ ಮೊದಲು ಮನೆ ಬಿಟ್ಟು ಸಂಜೆ ಆರಕ್ಕೆ ಬರುವ ಜೇಬು ಅದು. ಮಗುವಿಗೆ ತಲೆ ಬಾಚಿ, ಬುತ್ತಿ ಕಟ್ಟಿ, ಕೊಡೆ ಹುಡುಕಿ ಕೊಡುವ ಅಮ್ಮನಿಗೆ ಆ ಫೋನು ಸಿಗುವುದೇ ರಾತ್ರಿ, ಅದೂ ಚಾರ್ಜ್ ಇದ್ದರೆ.

ಎರಡನೆಯದು, ಸೂಚನೆಯೂ ಸಂಭ್ರಮವೂ ಒಂದೇ ಕಡೆ ಬೀಳುತ್ತಿದ್ದವು. ಫೋಟೋ ಹಾಕುವುದು ತಪ್ಪಲ್ಲ. ಮಗು ಬಾವುಟ ಹಿಡಿದು ನಿಂತದ್ದನ್ನು ಮನೆಯವರು ನೋಡಬೇಕು. ಆದರೆ ಸೋಮವಾರ ಏನು ತರಬೇಕು ಎಂಬುದನ್ನು ಅದರ ನಡುವೆ ಹುಡುಕುವ ಹಾಗಿರಬಾರದು. ಮೂರನೆಯದೇ ದೊಡ್ಡದು. ಸುದ್ದಿಗೆ ಗೊತ್ತಾದ ದಿನವೇ ಇರಲಿಲ್ಲ. ಯಾವಾಗ ಬೇಕಾದರೂ ಬರಬಹುದಾದ ಸೂಚನೆಗೆ ಯಾರೂ ಕಾಯುವುದಿಲ್ಲ. ಶನಿವಾರ ಸಂಜೆ ಹಾಲಿನ ಡೈರಿಯ ಗೋಡೆ ನೋಡಿದರೆ ಆಯಿತು ಎಂದಾದರೆ ಕಾಯುತ್ತಾರೆ.

ಶಾಲೆಯಲ್ಲಿ ಗೋಡೆಪತ್ರಿಕೆ ಮೊದಲಿಂದಲೂ ಇತ್ತು. ಕವಿತೆ, ಒಗಟು, ಚಿತ್ರ, ತಿಂಗಳಿಗೊಂದು ಬದಲಾವಣೆ. ಅದು ಶಾಲೆಯ ಒಳಗೋಡೆಯಲ್ಲಿತ್ತು, ಪೋಷಕರು ಆ ಗೋಡೆಯವರೆಗೆ ಬರುವುದು ವರ್ಷಕ್ಕೆ ಮೂರು ನಾಲ್ಕು ಸಲ. ಗೋಡೆಪತ್ರಿಕೆಯನ್ನೇ ಹಿಗ್ಗಿಸಿ ಸುದ್ದಿ ಹಾಕೋಣ ಎಂಬ ಸಲಹೆಯನ್ನು ಕೈಬಿಟ್ಟದ್ದು ಸರಿಯೇ ಆಯಿತು. ಅದರ ಕೆಲಸ ಬೇರೆ, ಇದರ ಕೆಲಸ ಬೇರೆ.

ಹಾಳೆಯ ಮೈಕಟ್ಟು

ತೀರ್ಮಾನ ಸರಳ: ವಾರಕ್ಕೆ ಒಂದು ಹಾಳೆ, ಒಂದೇ ಮಗ್ಗುಲು, ಎ4 ಅಳತೆ, ಕೈಬರಹ. ಹಿಂದಿನ ಪುಟ ಖಾಲಿ ಬಿಡಬೇಕು. ಗೋಡೆಗೆ ಅಂಟಿಸಿದ ಮೇಲೆ ಹಿಂದೆ ಬರೆದದ್ದು ಯಾರಿಗೂ ಕಾಣದು. ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಆಸೆಯಿತ್ತು. ಕರೆಂಟು ಹೋದ ವಾರ ಹಾಳೆಯೂ ನಿಲ್ಲುತ್ತದೆ ಎಂದು ಬಿಟ್ಟರು.

ಮೇಲ್ಗಡೆ ವಾರದ ಸಂಖ್ಯೆ ಮತ್ತು ಸೋಮವಾರದಿಂದ ಶನಿವಾರದವರೆಗಿನ ದಿನಾಂಕ. ಅದರ ಕೆಳಗೆ ಹಾಳೆಯ ಅರ್ಧ ಭಾಗ ‘ಬರುವ ವಾರ’. ಆರು ದಿನಕ್ಕೆ ಆರು ಸಾಲು. ಏನೂ ವಿಶೇಷ ಇಲ್ಲದ ದಿನಕ್ಕೆ ‘ಮಾಮೂಲಿ’ ಎಂದೇ ಬರೆಯಬೇಕು, ಖಾಲಿ ಬಿಡಬಾರದು. ಖಾಲಿ ಸಾಲು ಕಂಡರೆ ಬರೆಯಲು ಮರೆತರೋ, ವಿಶೇಷವಿಲ್ಲವೋ ಎಂಬ ಅನುಮಾನ ಬರುತ್ತದೆ. ನಂತರ ‘ಮನೆಯಿಂದ ಬೇಕಾದ್ದು’, ಮೂರು ಸಂಗತಿಗೆ ಮೀರಬಾರದು. ನಾಲ್ಕನೆಯದು ಬಂದರೆ ಯಾವುದೋ ಒಂದನ್ನು ಮುಂದಿನ ವಾರಕ್ಕೆ ತಳ್ಳಬೇಕು. ಉಳಿದ ಜಾಗ ‘ಹೋದ ವಾರ’, ಮಕ್ಕಳು ಬರೆದ ಸುದ್ದಿ. ತಳದಲ್ಲಿ ಒಂದು ಸಾಲು ರಜೆ ಲೆಕ್ಕ, ಒಂದು ಸಾಲು ಮನೆಗೊಂದು ಪ್ರಶ್ನೆ.

ನವೆಂಬರಿನ ಒಂದು ವಾರದ ಸೂಚನೆಗಳು ಮತ್ತು ತಳದ ರಜೆ ಲೆಕ್ಕ ಹೀಗಿದ್ದವು:

ಬರುವ ವಾರ, ನವೆಂಬರ್ 10ರಿಂದ 15
ಸೋಮ 10: ಕಬ್ಬಿಣಾಂಶದ ಮಾತ್ರೆ, ಊಟವಾದ ಮೇಲೆ.
ಮಂಗಳ 11: ಮಾಮೂಲಿ.
ಬುಧ 12: 6, 7ನೇ ತರಗತಿಗೆ ಗಣಿತ ಕಿರುಪರೀಕ್ಷೆ, ಭಿನ್ನರಾಶಿ.
ಗುರು 13: ಮಾಮೂಲಿ.
ಶುಕ್ರ 14: ಮಕ್ಕಳ ದಿನ. ಸಮವಸ್ತ್ರವೇ ಸಾಕು, ಹೊಸ ಬಟ್ಟೆ ಬೇಡ. ಬಿಡುವುದು ಮಾಮೂಲಿ ಹೊತ್ತಿಗೆ.
ಶನಿ 15: ಸಂಭ್ರಮ ಶನಿವಾರ. ಬ್ಯಾಗ್ ಇಲ್ಲ. ಬೆಳಿಗ್ಗೆ 8ರಿಂದ 11:30.
ಮನೆಯಿಂದ ಬೇಕಾದ್ದು: ಬುಧವಾರಕ್ಕೆ ಸ್ಕೇಲು. ಶನಿವಾರಕ್ಕೆ ಮನೆಯಲ್ಲಿರುವ ಯಾವುದಾದರೂ ಐದು ಬಗೆಯ ಬೀಜ, ಕಾಗದದಲ್ಲಿ ಕಟ್ಟಿ.
ರಜೆ ಲೆಕ್ಕ: ಮಳೆ ರಜೆ 5 ದಿನ. ತೀರಿದ್ದು 3. ಉಳಿದದ್ದು 2. ಪೂರ್ಣ ದಿನದ ಶನಿವಾರಗಳು: ನವೆಂಬರ್ 22, 29, ಡಿಸೆಂಬರ್ 6, 13.

ಶುಕ್ರವಾರದ ಸಾಲಿನಲ್ಲಿ ‘ಹೊಸ ಬಟ್ಟೆ ಬೇಡ’ ಎಂದು ಬರೆದದ್ದಕ್ಕೆ ಬೆಲೆ ಇದೆ. ಹಿಂದಿನ ವರ್ಷಗಳಲ್ಲಿ ‘ಮಕ್ಕಳ ದಿನಾಚರಣೆ’ ಎಂದಷ್ಟೇ ಹೇಳಿ ಕಳಿಸಿದಾಗ ಕೆಲವು ಮನೆಗಳು ಬಟವಾಡೆಯ ದುಡ್ಡಲ್ಲಿ ಬಟ್ಟೆ ತಂದವು, ತರಲಾಗದ ಮನೆಯ ಮಕ್ಕಳು ಆ ದಿನ ಶಾಲೆಗೇ ಬರಲಿಲ್ಲ. ಏನು ಬೇಡ ಎಂಬುದನ್ನು ಹೇಳುವುದೂ ಸುದ್ದಿಯೇ.

ಓದು ಬಾರದವರಿಗಾಗಿ ಸಾಲಿನ ಪಕ್ಕ ಚಿಕ್ಕ ಗುರುತು: ಮಾತ್ರೆಗೆ ದುಂಡು, ಬೇಗ ಬಿಡುವ ದಿನಕ್ಕೆ ಅರ್ಧ ಸೂರ್ಯ, ಪೂರ್ಣ ದಿನಕ್ಕೆ ಇಡೀ ಸೂರ್ಯ, ರಜೆಗೆ ಗುಣಾಕಾರ ಚಿಹ್ನೆ. ಆರಕ್ಕಿಂತ ಹೆಚ್ಚು ಗುರುತು ಮಾಡಲಿಲ್ಲ. ಆರಂಭದಲ್ಲಿ ಹದಿನಾಲ್ಕು ಮಾಡಿದ್ದರು, ಬರೆದ ಮಕ್ಕಳಿಗೇ ನೆನಪುಳಿಯಲಿಲ್ಲ.

ಸೋಮವಾರದಿಂದ ಶನಿವಾರಕ್ಕೆ

ಹಾಳೆಯನ್ನು ಮೊದಲು ಸೋಮವಾರ ಹಂಚುತ್ತಿದ್ದರು. ಎರಡು ವಾರದಲ್ಲೇ ಎಡವಟ್ಟು ತಿಳಿಯಿತು. ಮಗು ಮನೆ ಸೇರುವಾಗ ಸೋಮವಾರ ಮುಗಿದಿರುತ್ತದೆ, ಮಂಗಳವಾರಕ್ಕೆ ಬೇಕಾದ್ದನ್ನು ಹೊಂದಿಸಲು ಒಂದೇ ರಾತ್ರಿ. ಶನಿವಾರಕ್ಕೆ ಬದಲಿಸಿದರು. ಬಟವಾಡೆಯ ದಿನ ಜನ ಅಂಗಡಿ ಮುಂದೆ ಸೇರುತ್ತಾರೆ, ಕೈಯಲ್ಲಿ ದುಡ್ಡಿರುತ್ತದೆ, ಮರುದಿನ ಭಾನುವಾರ. ಸ್ಕೇಲು, ನೋಟ್‌ಬುಕ್ ಕೊಳ್ಳಬೇಕಿದ್ದರೆ ಆಗಲೇ ಆಗಬೇಕು.

ಅದಕ್ಕೆ ತಕ್ಕಂತೆ ವಾರದ ಕೆಲಸ ಕೂತಿತು. ಕಚೇರಿ ಕೋಣೆಯ ಮೊಳೆಗೆ ದಾರದಲ್ಲಿ ಕಟ್ಟಿದ 100 ಪುಟದ ನೋಟ್‌ಬುಕ್ ತೂಗುತ್ತದೆ. ಅದು ಸುದ್ದಿ ಪುಸ್ತಕ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹೇಳಿದ್ದು, ಇಲಾಖೆಯ ಸುತ್ತೋಲೆ, ಆರೋಗ್ಯ ಕಾರ್ಯಕರ್ತೆ ಬರುವ ದಿನ, ಅಡುಗೆಯವರು ಗ್ಯಾಸ್ ಮುಗಿಯುತ್ತಿದೆ ಎಂದದ್ದು, ಎಲ್ಲ ಅದರಲ್ಲೇ, ಆಗಿಂದಾಗಲೇ. ಗುರುವಾರ ಕೊನೆಯ ಅವಧಿಯಲ್ಲಿ ಮುಖ್ಯಶಿಕ್ಷಕಿ ಪುಸ್ತಕ ತೆರೆದು ಮುಂದಿನ ವಾರದ ಆರು ಸಾಲು ನಿಶ್ಚಯಿಸುತ್ತಾರೆ. ಅಡುಗೆಯವರಲ್ಲಿ ಒಬ್ಬರು ಆ ಮಾತುಕತೆಯಲ್ಲಿ ಇರಲೇಬೇಕು. ಆ ಆಗಸ್ಟಿನ ಶನಿವಾರ ಅಡುಗೆಮನೆಗೂ ತರಗತಿಗೂ ಒಂದೇ ಲೆಕ್ಕವಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಮಕ್ಕಳು ಸ್ವಚ್ಛ ಪ್ರತಿ ಬರೆಯುತ್ತಾರೆ. ಅತಿಥಿ ಶಿಕ್ಷಕಿ ಸಂಜೆ ಪೇಟೆಗೆ ಹೋಗುವಾಗ ಒಯ್ದು 14 ಜೆರಾಕ್ಸ್ ಮಾಡಿಸಿ ಶನಿವಾರ ತರುತ್ತಾರೆ.

ಹದಿನಾಲ್ಕೇ ಏಕೆ? ಮೊದಲೆರಡು ವಾರ 44 ಮಾಡಿಸಿದ್ದರು. ಸೋಮವಾರ ನೋಡಿದರೆ ಬಹುಪಾಲು ಬ್ಯಾಗಿನ ತಳದಲ್ಲಿ ಮುದ್ದೆಯಾಗಿದ್ದವು, ಕೆಲವು ದೋಣಿಯಾಗಿ ಹಳ್ಳ ಸೇರಿದ್ದವು. ಆಮೇಲೆ ತರಗತಿಗೊಂದರಂತೆ ಏಳು, ಕಡತಕ್ಕೆ ಒಂದು, ಜನ ನಿಲ್ಲುವ ಆರು ಜಾಗಕ್ಕೆ ಆರು ಎಂದಾಯಿತು. ಜಾಗಗಳನ್ನು ಆರಿಸಿದ್ದು ಹೀಗೆ: ಅಮ್ಮಂದಿರು ವಾರದಲ್ಲಿ ಒಮ್ಮೆಯಾದರೂ ಐದು ನಿಮಿಷ ಸುಮ್ಮನೆ ನಿಲ್ಲುವುದೆಲ್ಲಿ? ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಬಸ್ ತಂಗುದಾಣ, ಹಳ್ಳದಾಚೆಯ ಸಣ್ಣ ಅಂಗಡಿ, ತೋಟದ ಲೆಕ್ಕ ಬರೆಯುವ ರೈಟರ ಆಫೀಸಿನ ಜಗಲಿ. ಪಂಚಾಯಿತಿ ಕಚೇರಿಯ ಫಲಕವನ್ನು ಬಿಟ್ಟರು. ಅಲ್ಲಿಗೆ ಹೋಗುವವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಆ ಫಲಕದಲ್ಲಿ ಕಾಗದದ ಮೇಲೆ ಕಾಗದ.

ಪ್ರತಿಗೆ 2 ರೂಪಾಯಿಯಂತೆ ವಾರಕ್ಕೆ 28, ನಲವತ್ತು ವಾರಕ್ಕೆ 1,120 ರೂಪಾಯಿ. 31ರಿಂದ 100 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಡಿ ನಿಗದಿಯಾದ ವಾರ್ಷಿಕ ಶಾಲಾ ಅನುದಾನ 25,000 ರೂಪಾಯಿ. ಅದರಲ್ಲಿ ಇದು ಹೊರೆಯಲ್ಲ. ಹೊರೆ ಸಮಯದ್ದು. ಮೊದಲ ತಿಂಗಳು ಶಿಕ್ಷಕರಿಗೆ ವಾರಕ್ಕೆ ಎರಡೂಕಾಲು ಗಂಟೆ ಹಿಡಿಯಿತು. ಮಕ್ಕಳು ಪಳಗಿದ ಮೇಲೆ ಐವತ್ತು ನಿಮಿಷಕ್ಕೆ ಇಳಿಯಿತು. ಅದಕ್ಕಿಂತ ಇಳಿಸಲು ಹೋದರೆ ದಿನಾಂಕ ತಾಳೆ ನೋಡುವುದು ತಪ್ಪುತ್ತದೆ.

ಸುದ್ದಿ ಬರೆಯುವ ಮಕ್ಕಳು

ಐದರಿಂದ ಏಳನೇ ತರಗತಿಯ ನಾಲ್ವರು, ಎರಡು ವಾರಕ್ಕೊಮ್ಮೆ ಬದಲಾಗುವ ಗುಂಪು. ನಾಲ್ವರೂ ಒಟ್ಟಿಗೆ ಬದಲಾಗುವುದಿಲ್ಲ. ಇಬ್ಬರು ಉಳಿದು ಹೊಸ ಇಬ್ಬರಿಗೆ ಕಲಿಸುತ್ತಾರೆ.

ಮೊದಲ ಸುದ್ದಿ ಹೀಗೆ ಬಂತು: ‘ನಮ್ಮ ಶಾಲೆಯಲ್ಲಿ ಗಿಡ ನೆಡುವ ಕಾರ್ಯಕ್ರಮವು ಅತ್ಯಂತ ವಿಜೃಂಭಣೆಯಿಂದ ಜರುಗಿತು. ಗಣ್ಯರು ಉಪಸ್ಥಿತರಿದ್ದರು.’ ಮಗು ಕೇಳಿದ ಭಾಷೆ ಅದೇ, ಅದರ ತಪ್ಪಲ್ಲ. ಶಿಕ್ಷಕಿ ಅದನ್ನು ತಿದ್ದಿ ಬರೆದುಕೊಡಲಿಲ್ಲ, ಗಿಡಗಳ ಹತ್ತಿರ ಕರೆದುಕೊಂಡು ಹೋಗಿ ಐದು ಪ್ರಶ್ನೆ ಕೇಳಿದರು: ಏನು, ಎಲ್ಲಿ, ಯಾವಾಗ, ಯಾರು, ಎಷ್ಟು. ಎರಡನೆಯ ಸಲ ಬರೆದದ್ದು: ‘ಗುರುವಾರ 14 ನೇರಳೆ ಗಿಡ ನೆಟ್ಟೆವು. ಗುಂಡಿ ತೋಡಿದ್ದು ಏಳನೆಯವರು. 3 ಗಿಡ ಬೇಲಿಯಿಂದ ಆಚೆ ಇವೆ. ಅಲ್ಲಿ ದನ ಬರುತ್ತವೆ. ಮುಳ್ಳು ಕಟ್ಟಬೇಕು.’ ಹಾಳೆ ಡೈರಿಗೆ ಹೋದ ಮೇಲೆ ಹಾಲು ಹಾಕಲು ಬಂದವರೊಬ್ಬರು ಸೀಗೆ ಮುಳ್ಳು ತಂದು ಕಟ್ಟಿದರು. ‘ವಿಜೃಂಭಣೆ’ಗೆ ಯಾರೂ ಮುಳ್ಳು ತರುತ್ತಿರಲಿಲ್ಲ.

ಐದರಲ್ಲಿ ‘ಎಷ್ಟು’ ಎಂಬುದೇ ಮಕ್ಕಳ ಕಣ್ಣು ತೆರೆಸಿದ ಪ್ರಶ್ನೆ. ‘ಮಳೆ ಜೋರಾಗಿತ್ತು’ ಎನ್ನುವ ಬದಲು, ಅಂಗಳದಲ್ಲಿಟ್ಟ ನೇರ ಗೋಡೆಯ ಡಬ್ಬದಲ್ಲಿ ಸ್ಕೇಲಿಟ್ಟು ಎಷ್ಟು ಸೆಂಟಿಮೀಟರು ಎಂದು ಬರೆದರು. ‘ತುಂಬ ಮಕ್ಕಳು ಬಂದಿರಲಿಲ್ಲ’ ಎನ್ನುವ ಬದಲು ಹಾಜರಿ ಎಣಿಸಿದರು. ಅಳತೆಯ ಪಾಠ ಪುಸ್ತಕದಲ್ಲಿ ಬರುವ ಮೊದಲೇ ಕೈಗೆ ಬಂತು.

ಶಿಕ್ಷಕರ ತಿದ್ದುಪಡಿಗೆ ಗಡಿ ಹಾಕಿಕೊಂಡರು. ಸಂಗತಿ ತಪ್ಪಿದ್ದರೆ, ಕಾಗುಣಿತ ತಪ್ಪಿದ್ದರೆ ತಿದ್ದಬೇಕು. ಮಗುವಿನ ಮಾತನ್ನು ಮುಟ್ಟಬಾರದು. ‘ಗ್ಯಾಸ್ ಖಾಲಿ ಆಗಿ ಅಕ್ಕ ಸೌದೆ ಒಲೆಯಲ್ಲಿ ಬೇಯಿಸಿದ್ರು, ಸಾರು ಹೊಗೆ ಹೊಗೆ ಆಗಿತ್ತು ಆದ್ರೂ ಚೆನ್ನಾಗಿತ್ತು’ ಎಂಬುದನ್ನು ಗ್ರಂಥಭಾಷೆಗೆ ತಂದರೆ ಅದರ ಜೀವ ಹೋಗುತ್ತದೆ. ಈ ವಿಷಯದಲ್ಲಿ ಶಿಕ್ಷಕರೊಳಗೇ ಒಪ್ಪಿಗೆಯಿರಲಿಲ್ಲ. ಊರವರು ಓದುವ ಕಾಗದದಲ್ಲಿ ಶಿಷ್ಟ ಕನ್ನಡವೇ ಇರಬೇಕು ಎಂದವರಿದ್ದರು. ಕೊನೆಗೆ ಮೇಲರ್ಧದ ಸೂಚನೆ ಶಿಷ್ಟದಲ್ಲಿ, ಕೆಳಗಿನ ಸುದ್ದಿ ಮಕ್ಕಳ ಮಾತಿನಲ್ಲಿ ಎಂದು ಹಂಚಿಕೊಂಡರು. ಓದುವವರು ಮೊದಲು ಕಣ್ಣು ಹಾಯಿಸುತ್ತಿದ್ದದ್ದು ಕೆಳಗಿನದಕ್ಕೇ, ಹಾಗೆ ಓದಲು ನಿಂತವರೇ ಮೇಲಿನದನ್ನೂ ಓದಿದರು.

ಮಳೆಯಲ್ಲಿ ಕಾಗದ

ಈ ಸೀಮೆಯಲ್ಲಿ ಕಾಗದ ಹಾಕುವುದೆಂದರೆ ತೇವದ ಜೊತೆ ಜಗಳ. ಜೆಲ್ ಪೆನ್ನಿನ ಬರಹ ಒಂದೇ ರಾತ್ರಿಯಲ್ಲಿ ಹರಡಿತು. ಬಾಲ್‌ಪೆನ್ ಶಾಯಿ ನಿಲ್ಲುತ್ತದೆ. ಮೂಲಪ್ರತಿ ಕಪ್ಪು ಶಾಯಿಯಲ್ಲೇ ಇರಬೇಕು, ತಿಳಿ ನೀಲಿ ಜೆರಾಕ್ಸಿನಲ್ಲಿ ಮಾಸಿ ಬರುತ್ತದೆ. ಅಂಟು ಹಸಿ ಗೋಡೆಗೆ ಹಿಡಿಯಲಿಲ್ಲ. ಹಳೇ ಪ್ಲೈವುಡ್ ತುಂಡುಗಳನ್ನು ಒಂದಡಿಗೆ ಒಂದೂವರೆ ಅಡಿ ಅಳತೆಗೆ ಕತ್ತರಿಸಿ, ಎರಡು ತೂತು ಕೊರೆದು ತಂತಿಯಲ್ಲಿ ನೇತುಹಾಕಿದರು, ಹಾಳೆಗೆ ನಾಲ್ಕು ಗುಂಡುಪಿನ್ನು.

ಪ್ಲಾಸ್ಟಿಕ್ ಕವರಿನೊಳಗೆ ಹಾಕುವಾಗ ಬಾಯಿ ಮೇಲಿದ್ದರೆ ನೀರು ಇಳಿದು ಹಾಳೆ ಕೊಳೆಯುತ್ತದೆ. ಎಲ್ಲ ಕಡೆ ಟೇಪು ಸುತ್ತಿ ಮುಚ್ಚಿದರೆ ಒಳಗಿನ ತೇವ ಬೆವರಿ ಅಕ್ಷರ ಕಾಣದಾಗುತ್ತದೆ. ಬಾಯಿ ಕೆಳಗೆ, ತೆರೆದೇ ಇರಬೇಕು. ಇಷ್ಟನ್ನು ಕಂಡುಕೊಳ್ಳಲು ಮೂರು ವಾರದ ಹಾಳೆಗಳು ಹಾಳಾದವು.

ಮಳೆ ರಜೆಯನ್ನು ಮಾತ್ರ ಈ ಹಾಳೆ ಹೊರಲಾರದು. ಜಿಲ್ಲಾಡಳಿತದ ಘೋಷಣೆ ಬರುವುದು ಹಿಂದಿನ ಸಂಜೆ, ಕೆಲವೊಮ್ಮೆ ಬೆಳಗಿನ ಜಾವ. ಆನೆ ಓಡಾಟವೂ ಹಾಗೆಯೇ. ಶನಿವಾರ ಬರೆದ ‘ಆನೆ ಕೆಳಗಿನ ತೋಟದಲ್ಲಿದೆ’ ಎಂಬ ಸಾಲನ್ನು ಬುಧವಾರ ಯಾರಾದರೂ ನಂಬಿ ಮೇಲಿನ ದಾರಿ ಹಿಡಿದರೆ ಗತಿಯೇನು? ಒಂದು ದಿನದಲ್ಲಿ ಹಳತಾಗುವ ಯಾವ ಸುದ್ದಿಯನ್ನೂ ವಾರದ ಹಾಳೆಯಲ್ಲಿ ಹಾಕಬಾರದೆಂಬ ನಿಯಮ ಇಲ್ಲಿಂದ ಹುಟ್ಟಿತು. ಅಂಥದಕ್ಕೆ ಬೇರೆ ದಾರಿ: ಮುಖ್ಯಶಿಕ್ಷಕಿ ಮೂರು ಕಡೆಗೆ ಫೋನ್ ಮಾಡುತ್ತಾರೆ, ಊರಿನ ಡೈರಿಯವರಿಗೆ, ಹಳ್ಳದಾಚೆಯ ಅಂಗಡಿಯ ಅಮ್ಮನಿಗೆ, ತೋಟದ ರೈಟರಿಗೆ. ಬೆಳಿಗ್ಗೆ 7ರೊಳಗೆ ಡೈರಿಯ ಹಲಗೆಯ ಮೇಲೆ ಕೆಂಪು ಬಣ್ಣ ಬಳಿದ ತಗಡು ನೇತಾಡಿದರೆ ಶಾಲೆ ಇಲ್ಲ. ತಗಡು ಇಲ್ಲದಿದ್ದರೆ ಶಾಲೆ ಇದೆ. ಹಾಳೆ ಮಾಡುವುದಿಷ್ಟೇ: ರಜೆ ಲೆಕ್ಕವನ್ನು ವಾರವಾರ ಎಲ್ಲರ ಕಣ್ಣೆದುರು ಇಡುತ್ತದೆ. ‘ಇನ್ನೂ ಎಷ್ಟು ಶನಿವಾರ ಮಿಸ್?’ ಎಂದು ಕೇಳುತ್ತಿದ್ದ ಅಮ್ಮಂದಿರು ‘ನಾಲ್ಕು ಉಳೀತಲ್ವಾ ಮಿಸ್’ ಎಂದು ಹೇಳತೊಡಗಿದರು. ಪಿಕಪ್ ಚಾಲಕನೂ ಪೂರ್ಣ ದಿನದ ಶನಿವಾರಗಳನ್ನು ರೈಟರ ಆಫೀಸಿನ ಹಲಗೆ ನೋಡಿ ಬರೆದುಕೊಂಡ.

ಬರೆಯಬಾರದ್ದು

ನಾಲ್ಕನೆಯ ವಾರ ಒಂದು ದೊಡ್ಡ ತಪ್ಪಾಯಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದ ಮಕ್ಕಳ ಹೆಸರುಗಳನ್ನು, ವಿದ್ಯಾರ್ಥಿವೇತನ ತಪ್ಪಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ, ಹಾಳೆಯಲ್ಲಿ ಹಾಕಿದರು. ಡೈರಿಯಲ್ಲಿ ನಿಂತವರೆಲ್ಲ ಆ ಹೆಸರುಗಳಿಂದ ಯಾರ ಜಾತಿ ಯಾವುದು, ಯಾರ ಮನೆಯಲ್ಲಿ ಕಾಗದಪತ್ರ ಇಲ್ಲ ಎಂದು ಓದಿಕೊಂಡರು. ಒಬ್ಬ ತಂದೆ ಶಾಲೆಗೆ ಬಂದು ಕೇಳಿದ್ದು ನ್ಯಾಯವಾಗಿತ್ತು. ಅದೇ ದಿನ ಆರೂ ಕಡೆಯ ಹಾಳೆ ತೆಗೆದು, ಆ ಭಾಗ ಬಿಟ್ಟು ಮತ್ತೆ ಬರೆದು ಹಾಕಿದರು. ಅಂಥ ಸೂಚನೆಗೆ ಈಗ ಮಡಚಿದ ಚೀಟಿ, ಆ ಮನೆಗೆ ಮಾತ್ರ.

ಅಂದಿನಿಂದ ಹೆಸರಿನ ಬಗ್ಗೆ ಕಟ್ಟುನಿಟ್ಟು. ಅಂಕ, ತೂಕ, ಗೈರುಹಾಜರಿ, ಕಾಯಿಲೆ, ತರದೇ ಬಂದವರ ಪಟ್ಟಿ, ಇವು ಯಾವುವೂ ಇಲ್ಲ. ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಎಂಬ ಪಟ್ಟಿಯೂ ಇಲ್ಲ. ಅದು ಮನೆಯ ಆಯ್ಕೆ, ಊರಿನ ಚರ್ಚೆಯಲ್ಲ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಮಟ್ಟಕ್ಕೆ ಹೋದವರ ಹೆಸರು ಹಾಕಬಹುದು, ಆದರೆ ಆ ಮಗುವನ್ನು ಕೇಳಿ. ದಾನಿಗಳ ಹೆಸರು ಮೇಲೆ ದಪ್ಪಕ್ಷರದಲ್ಲಿ ಬರಲಿ ಎಂಬ ಒತ್ತಾಯ ಶಾಲಾ ಅಭಿವೃದ್ಧಿ ಸಮಿತಿಯಿಂದ ಬಂತು. ತಳದಲ್ಲಿ ಒಂದು ಸಾಲು, ಕೊಟ್ಟ ವಸ್ತು ಮತ್ತು ಸಂಖ್ಯೆ, ಅಷ್ಟಕ್ಕೆ ನಿಲ್ಲಿಸಿದರು. ಸಭೆಗಳ ಭಾಷಣವನ್ನು ಹಾಳೆ ಪೂರ್ತಿ ಬಿಟ್ಟಿತು. ಸಭೆಯಲ್ಲಿ ಆದ ತೀರ್ಮಾನವನ್ನು ಮಾತ್ರ ಬರೆಯುತ್ತಾರೆ.

ತಪ್ಪು ತಿದ್ದುವ ಕ್ರಮವೂ ಬೇಕಾಯಿತು. ಒಮ್ಮೆ ದಿನ ಸರಿಯಿದ್ದು ದಿನಾಂಕ ಒಂದು ಮುಂದಾಗಿತ್ತು. ಅರ್ಧ ಮನೆಗಳು ದಿನವನ್ನು ನಂಬಿದವು, ಅರ್ಧ ದಿನಾಂಕವನ್ನು. ಈಗ ಬರೆದವರಲ್ಲದ ಬೇರೆ ಮಗು ಗೋಡೆ ಕ್ಯಾಲೆಂಡರ್ ಎದುರು ನಿಂತು ಆರೂ ಸಾಲನ್ನು ಗಟ್ಟಿಯಾಗಿ ಓದಿ ತಾಳೆ ನೋಡುತ್ತದೆ. ಆದರೂ ತಪ್ಪಿದರೆ ಆರೂ ಹಲಗೆಗೆ ಹೋಗಿ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ಮುಂದಿನ ವಾರದ ಹಾಳೆಯ ಮೊದಲ ಸಾಲು ಆ ತಿದ್ದುಪಡಿಯೇ ಆಗಿರಬೇಕು.

ಮಾತ್ರೆಯ ಸಾಲು ಬರೆಯುವ ಬಗೆ

ಔಷಧದ ಸೂಚನೆಯಲ್ಲಿ ಒಂದು ಪದ ಕಡಿಮೆಯಾದರೂ ಗಾಳಿಮಾತು ಜಾಗ ಹಿಡಿಯುತ್ತದೆ. ರಾಷ್ಟ್ರೀಯ ಜಂತುಹುಳ ನಿವಾರಣಾ ದಿನದ ಮಾತ್ರೆಗೆ, ವರ್ಷಕ್ಕೆ ಎರಡು ಸುತ್ತು, ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸು, ಮೊದಲೆಲ್ಲ ‘ಮಾತ್ರೆ ಕೊಡಲಾಗುವುದು’ ಎಂದಷ್ಟೇ ಹೇಳುತ್ತಿದ್ದರು. ಆ ದಿನ ಹಾಜರಿಯೇ ಇಳಿಯುತ್ತಿತ್ತು. ಫೆಬ್ರವರಿಯಲ್ಲಿ ಹಾಳೆ ಬರೆದದ್ದು ಹೀಗೆ: ‘ಹೊಟ್ಟೆಹುಳದ ಮಾತ್ರೆ, ಅಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದು. ಬಿಸಿಯೂಟ ಆದ ಮೇಲೆ, ಶಿಕ್ಷಕಿ ಎದುರಿಗೇ, ಅಗಿದು ತಿನ್ನುವುದು. ಹುಳ ಹೆಚ್ಚಿದ್ದ ಮಗುವಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು, ಬೇಗ ಹೋಗುತ್ತದೆ. ಜ್ವರ ಇದ್ದವರಿಗೆ ಆ ದಿನ ಕೊಡುವುದಿಲ್ಲ. ತಪ್ಪಿದವರಿಗೆ ಇನ್ನೊಂದು ದಿನ ಇದೆ.’ ಆ ದಿನ 62ರಲ್ಲಿ 57 ಮಕ್ಕಳು ಬಂದರು. ವಾರದ ಕಬ್ಬಿಣಾಂಶದ ಮಾತ್ರೆಯ ವಿಷಯದಲ್ಲಿ ಬಣ್ಣ ಹೇಳಿದ್ದು ನೆರವಾಯಿತು: ಚಿಕ್ಕವರಿಗೆ ಗುಲಾಬಿ, 10 ದಾಟಿದವರಿಗೆ ನೀಲಿ. ಮಲ ಕಪ್ಪಾದರೆ ಹೆದರಬೇಡಿ ಎಂಬ ಸಾಲನ್ನು ಒಬ್ಬ ಅಜ್ಜಿಯ ಗಾಬರಿಯ ನಂತರ ಸೇರಿಸಿದರು.

ಕಾಫಿ ಕುಯ್ಲು ಬಂದಾಗ

ಹಾಳೆ ಮನೆ ತಲುಪಿತೇ ಎಂದು ತಿಳಿಯಲು ಮೊದಲು ಪೋಷಕರ ಸಹಿ ಕೇಳಿದ್ದರು. ಸಹಿಗಳು ಬಂದವು, ಬಹಳಷ್ಟು ಮಕ್ಕಳದೇ. ಅದನ್ನು ಬಿಟ್ಟು ಹಾಳೆಯ ತಳದಲ್ಲಿ ‘ಮನೆಗೊಂದು ಪ್ರಶ್ನೆ’ ಇಟ್ಟರು. ‘ನಿಮ್ಮ ಮನೆಯ ಹತ್ತಿರ ಈ ವಾರ ಹೂ ಬಿಟ್ಟ ಕಾಡುಗಿಡ ಯಾವುದು?’ ‘ನೀವು ಚಿಕ್ಕವರಿದ್ದಾಗ ಶಾಲೆಗೆ ಮಳೆಯಲ್ಲಿ ಏನು ಹೊದ್ದು ಬರುತ್ತಿದ್ದಿರಿ?’ ಮಗು ಸೋಮವಾರ ಬಂದು ಉತ್ತರ ಹೇಳಬೇಕು. ಮೊದಲ ವಾರ 44 ಮನೆಗಳಿಂದ 9 ಉತ್ತರ, ಎಂಟನೆಯ ವಾರ 27. ಗೊರಬು, ಕಂಬಳಿಕೊಪ್ಪೆಯ ಕಥೆಗಳು ಒಂದು ಇಡೀ ಹಾಳೆಗೆ ಸಾಲುವಷ್ಟು ಬಂದವು.

ಡಿಸೆಂಬರಿನಲ್ಲಿ ಅದು 14ಕ್ಕೆ ಕುಸಿಯಿತು. ಹಣ್ಣು ಕುಯ್ಯುವ ಕಾಲದಲ್ಲಿ ಅಪ್ಪ ಅಮ್ಮ ಇಬ್ಬರೂ ಕತ್ತಲಾದ ಮೇಲೇ ಮನೆಗೆ. ಲೈನ್ ಮನೆಗಳಿಗೆ ಅಸ್ಸಾಮಿನಿಂದ ಬಂದ ಕುಟುಂಬಗಳು ಸೇರಿದವು, ಅವರಿಗೆ ಕನ್ನಡ ಓದಲು ಬಾರದು. ಇಲ್ಲಿ ಗೋಡೆಯ ಹಾಳೆ ಸೋಲುತ್ತದೆ, ಬಾಯಿಯೇ ಬೇಕು. ಶನಿವಾರ ಬಿಡುವ ಮೊದಲು ಹತ್ತು ನಿಮಿಷ ಹೇಳುವ ಅಭ್ಯಾಸ ಶುರುಮಾಡಿದರು. ಪ್ರತಿ ಮಗುವೂ ಹಾಳೆ ನೋಡದೆ, ಬರುವ ವಾರದ ಮೂರು ಮುಖ್ಯ ಸಂಗತಿಗಳನ್ನು ಪಕ್ಕದವರಿಗೆ ಹೇಳಬೇಕು. ಲೈನ್ ಮನೆಯ ಮಕ್ಕಳು ಮನೆಯ ಭಾಷೆಯಲ್ಲೇ ಹೇಳಿ ನೋಡಬೇಕು. ಜನವರಿಯಲ್ಲಿ ಉತ್ತರಗಳು 19ಕ್ಕೆ ಏರಿದವು. ಸಾಲದು. ಕುಯ್ಲಿನ ಮೂರು ತಿಂಗಳಿಗೆ ಇನ್ನೂ ಸರಿಯಾದ ದಾರಿ ಸಿಕ್ಕಿಲ್ಲ.

ಹಾಳೆ ನಿಂತುಹೋಗುವ ಅಪಾಯ ಬಂದದ್ದೂ ಆಗಲೇ. ಅತಿಥಿ ಶಿಕ್ಷಕಿ ಬೇರೆಡೆ ಹೋದರು, ಜೆರಾಕ್ಸ್ ತರುವವರಿಲ್ಲ. ಎರಡು ವಾರ ಖಾಲಿ ಹೋದವು. ಮೂರನೆಯ ವಾರ ಕಾರ್ಬನ್ ಹಾಳೆ ಬಂತು. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮೇಲಿನದೂ ಸೇರಿ ಮೂರು ಪ್ರತಿ ಚೆನ್ನಾಗಿ ಮೂಡುತ್ತವೆ, ನಾಲ್ಕನೆಯದು ಮಂಕು, ಅದನ್ನು ಕಡತಕ್ಕೆ ಇಟ್ಟುಕೊಳ್ಳಬಹುದು. ಎರಡು ಸಲ ಬರೆದರೆ ಆರು ಹಲಗೆಗೆ ಸಾಕು. ತರಗತಿಗಳಿಗೆ ಕಪ್ಪುಹಲಗೆ ಇದ್ದೇ ಇದೆ. ಏಳನೆಯವರು ಬರೆದ ಆ ಹಾಳೆಗಳ ಅಕ್ಷರ ಜೆರಾಕ್ಸಿಗಿಂತ ದೊಡ್ಡದಿತ್ತು, ಡೈರಿಯಲ್ಲಿ ವಯಸ್ಸಾದವರಿಗೆ ಓದಲು ಹಿತವಾಯಿತು. ಜೆರಾಕ್ಸ್ ಮತ್ತೆ ಸಾಧ್ಯವಾದ ಮೇಲೂ ಅಕ್ಷರದ ಗಾತ್ರ ದೊಡ್ಡದಾಗಿಯೇ ಉಳಿಯಿತು.

ವಾಟ್ಸ್ಆ್ಯಪ್ ಗುಂಪನ್ನು ಮುಚ್ಚಲಿಲ್ಲ. ಮುಖ್ಯಶಿಕ್ಷಕಿ ಮಾತ್ರ ಹಾಕುವಂತೆ ಹೊಂದಿಸಿ, ಶನಿವಾರ ಹಾಳೆಯ ಒಂದು ಫೋಟೋ, ತುರ್ತಿದ್ದರೆ ಮಳೆ ರಜೆ, ಇಷ್ಟಕ್ಕೇ ಇಟ್ಟುಕೊಂಡರು. ಸಮಾರಂಭದ ಫೋಟೋಗಳಿಗೆ ಇನ್ನೊಂದು ಗುಂಪು.

ಕಡತದಲ್ಲಿದ್ದ ಹಳೆಯ ಹಾಳೆಗಳು ಕೆಲಸಕ್ಕೆ ಬಂದದ್ದು ಮಕ್ಕಳ ಗ್ರಾಮಸಭೆಯಲ್ಲಿ. ಶೌಚಾಲಯಕ್ಕೆ ನೀರು ಬರುತ್ತಿಲ್ಲ ಎಂದು ಆರನೇ ತರಗತಿಯ ಹುಡುಗಿ ಎದ್ದು ಹೇಳಿದಾಗ ಯಾವಾಗಿನಿಂದ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೇಳಿದರು. ಅವಳು ಐದು ಹಾಳೆ ತೆಗೆದು ಐದು ದಿನಾಂಕ ಓದಿದಳು. ಪ್ರತಿಯೊಂದರಲ್ಲೂ ಎಷ್ಟು ದಿನ ನೀರಿರಲಿಲ್ಲ, ಎಷ್ಟು ಕೊಡ ಹೊತ್ತರು ಎಂದಿತ್ತು. ಮೋಟಾರು ರಿಪೇರಿಯನ್ನು ಅಂದೇ ನಡಾವಳಿಯಲ್ಲಿ ಬರೆದುಕೊಂಡರು.

ಮಾರ್ಚಿನಲ್ಲಿ ಏಳನೆಯವರು ಪರೀಕ್ಷೆಗೆ ಕೂರುವ ಮುನ್ನ ಹಸ್ತಾಂತರ ಆಗಬೇಕು. ಏಪ್ರಿಲ್ ರಜೆ ಶುರುವಾದ ಮೇಲೆ ಕಲಿಸಲು ಯಾರೂ ಇರುವುದಿಲ್ಲ. ಫೆಬ್ರವರಿ ಕೊನೆಯ ಎರಡು ಹಾಳೆಯನ್ನು ಐದು, ಆರನೆಯವರೇ ಪೂರ್ತಿ ಮಾಡಿದರು, ಏಳನೆಯವರು ಪಕ್ಕದಲ್ಲಿ ಕೂತು ನೋಡಿದರು. ಹಳೇ ಬಿಸ್ಕತ್ ಡಬ್ಬಿಯೊಂದರಲ್ಲಿ ಕಪ್ಪು ಬಾಲ್‌ಪೆನ್ ನಾಲ್ಕು, ಕೆಂಪು ಒಂದು, ಕಾರ್ಬನ್ ಹತ್ತು, ಗುಂಡುಪಿನ್ನಿನ ಡಬ್ಬ, ಕವರು ಆರು, ಚೌಕಟ್ಟು ಎಳೆದ ಖಾಲಿ ಹಾಳೆಗಳು ನಲವತ್ತು. ಮುಚ್ಚಳದ ಒಳಗೆ ಐದು ಪ್ರಶ್ನೆ ಬರೆದು ಅಂಟಿಸಿದ್ದಾರೆ, ‘ಎಷ್ಟು’ ಎಂಬುದರ ಕೆಳಗೆ ಎರಡು ಗೆರೆ.